ಮುಗಿಸುವ ಕೈ

ನಮ್ಮೂರಿನ ಗರಡಿ ಉಸ್ತಾದರು ದುಡ್ಡು ಹಾಕಿ ತೆಗೆಸಿದ ಹೋಟೆಲಿನಲ್ಲಿ ಇಡ್ಲಿ ಮುರಿಯಲು ಎರಡೂ ಕೈ ಬೇಕು. ಅಡುಗೆಯವರು ಬದಲಾದರು, ಅಕ್ಕಿ ಬದಲಾಯಿತು, ಇಡ್ಲಿ ಮಾತ್ರ ಬದಲಾಗಲಿಲ್ಲ. ಬದಲಾಗಲಿ ಎಂದು ಯಾರೂ ಕಾಯಲೂ ಇಲ್ಲ. ಮೊದಲ ದುಡ್ಡು ಯಾರ ಕೈಯದೋ ಅವರ ಗುಣ ಅಂಗಡಿಗೆ ಬರುತ್ತದೆ ಎನ್ನುವುದು ನಮ್ಮೂರಿನ ಕೂಸಿಗೂ ಗೊತ್ತು. ಹಲ್ಲಿಲ್ಲದವರು ಆ ಹೋಟೆಲಿಗೆ ಹೋಗಿ ಸಾಂಬಾರು ಕುಡಿದು ಬರುತ್ತಾರೆ. ಮನೆಯಲ್ಲಿ ಜಗಳವಾಡಿದವರು ಒಂದು ಪ್ಲೇಟು ಇಡ್ಲಿ ಮುರಿದು ಸಮಾಧಾನ ಮಾಡಿಕೊಳ್ಳುತ್ತಾರೆ. ಪುರಾಣ ಹೇಳುವ ಶಾಸ್ತ್ರಿಗಳು ಬಂಡವಾಳ ಹಾಕಿದ ಕ್ಷೌರದಂಗಡಿಗೆ ಹೋಗುವವರು ಬುತ್ತಿ ಕಟ್ಟಿಕೊಂಡೇ ಹೋಗುತ್ತಾರೆ. ಒಮ್ಮೆ ಬ್ಯಾಂಕಿನವರೂ ಬಂದು ಸಾಲ ಕೊಟ್ಟು ನೋಡಿದರು. ಆದರೆ ಬ್ಯಾಂಕಿನ ದುಡ್ಡಿಗೆ ಕೈಯೇ ಇಲ್ಲವಲ್ಲ. ಆ ಸಾಲದಲ್ಲಿ ತೆರೆದ ಚಪ್ಪಲಿ ಅಂಗಡಿ ಪೇಟೆಯ ನಟ್ಟನಡುವೆ ಇದ್ದರೂ ಯಾರ ಕಣ್ಣಿಗೂ ಬೀಳಲಿಲ್ಲ, ಅದರ ಮೆಟ್ಟಿಲ ಮೇಲೆ ಕುಳಿತೇ ಜನ ಹರಿದ ಚಪ್ಪಲಿಯ ಬಗ್ಗೆ ಗೊಣಗುತ್ತಿದ್ದರು.

ನನ್ನ ಅಪ್ಪ ನಿಂಗರಾಜಪ್ಪ ದರ್ಜಿ. ಅವರಿಗೆ ಬಂಡವಾಳ ಕೊಟ್ಟವರು ಎಣ್ಣೆ ಗಿರಣಿಯ ಗುರುಶಾಂತಪ್ಪನವರು. ಅವರದು ಆರಂಭದ ಕೈ. ಅವರ ದುಡ್ಡಿನಲ್ಲಿ ಶುರುವಾದದ್ದು ವಾಲಗದೊಂದಿಗೆ ಶುರುವಾಗುತ್ತಿತ್ತು, ಊರೇ ಬಾಯಿ ಬಿಟ್ಟುಕೊಂಡು ನೋಡುತ್ತಿತ್ತು, ಆಮೇಲೆ ನಡುವಿನಲ್ಲಿ ಎಲ್ಲೋ ನಿಂತುಬಿಡುತ್ತಿತ್ತು. ಅಪ್ಪನ ಕತ್ತರಿ ಬಟ್ಟೆಯ ಮೇಲೆ ಓಡುವುದನ್ನು ನೋಡುವುದೇ ಒಂದು ಸೊಗಸು. ಬೆನ್ನು, ಎದೆ, ಒಂದು ತೋಳು, ಅಲ್ಲಿಯ ತನಕ ಅವರಷ್ಟು ಚೆನ್ನಾಗಿ ಹೊಲಿಯುವವರು ಸುತ್ತಮುತ್ತ ಯಾರೂ ಇರಲಿಲ್ಲ. ಎರಡನೆಯ ತೋಳಿಗೆ ಬರುವಾಗ ಕೈ ನಿಲ್ಲುತ್ತಿತ್ತು. ರವಿಕೆ ಗೋಡೆಯ ಮೊಳೆಗೆ ಹೋಗುತ್ತಿತ್ತು, ಹೊಸ ಬಟ್ಟೆ ಮೇಜಿನ ಮೇಲೆ ಬರುತ್ತಿತ್ತು. ದೆವ್ವ ಬಾರದಿರಲಿ ಎಂದು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುವುದುಂಟಲ್ಲ, ನಮ್ಮಪ್ಪ ಅದನ್ನೇ ಗಿರಾಕಿಗಳಿಗೆ ಬಾಯಲ್ಲಿ ಹೇಳುತ್ತಿದ್ದರು. ದೆವ್ವಕ್ಕಿಂತ ಗಿರಾಕಿಗಳು ಗಟ್ಟಿ, ಮಾರನೆಯ ದಿನ ಬಂದೇ ಬರುತ್ತಿದ್ದರು. ನಮ್ಮವ್ವ ಕೂಡ ಅವರಲ್ಲಿ ಒಬ್ಬಳು. ಮದುವೆಯಾದ ಹೊಸದರಲ್ಲಿ ಹೊಲಿಯಲು ಕೊಟ್ಟ ಹಸಿರು ರೇಷ್ಮೆಯ ರವಿಕೆ ಒಂಟಿ ತೋಳಿನಲ್ಲಿ ಗೋಡೆಗೆ ನೇತಾಡುತ್ತಲೇ ಇತ್ತು. ದಿನಾ ಮಧ್ಯಾಹ್ನ ಟೀ ತಂದುಕೊಟ್ಟು ಕೇಳುತ್ತಿದ್ದಳು, “ನನ್ನ ರವಿಕೆ ಆಯ್ತೇನ್ರೀ?” ಅಪ್ಪ ತಲೆ ಎತ್ತದೆ, “ನಾಳೆ” ಅನ್ನುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ನನಗೆ ಅಪ್ಪನ ಮೇಲೆ ಸಿಟ್ಟು ಬರುತ್ತಿತ್ತು. ನಾಳೆ ಎಂದವನ ಮನೆ ಹಾಳು ಅಂತ ಗಾದೆ ಮಾಡಿದವರು ನಮ್ಮ ಮನೆಯನ್ನು ನೋಡಿಯೇ ಮಾಡಿರಬೇಕು ಅನ್ನಿಸುತ್ತಿತ್ತು.

ನಮ್ಮ ಕಾಲೇಜಿನಲ್ಲಿ ಬಿ.ಕಾಂ. ಕೊನೆಯ ವರ್ಷದವರು ಸೇರಿ ಒಂದು ಅಂಗಡಿ ನಡೆಸಬೇಕು. ಹಳೆಯ ಸೈಕಲ್ ಸ್ಟ್ಯಾಂಡನ್ನು ಜಾಗವಾಗಿ ಕೊಡುತ್ತಿದ್ದರು, ಬಂಡವಾಳ ಮಾತ್ರ ನಾವೇ ಹುಡುಕಬೇಕು, ಅದೂ ಮನೆಯವರದಾಗಿರಬಾರದು. ಹೆತ್ತವರ ಗುಣ ಹೇಗೂ ಮಕ್ಕಳಲ್ಲಿ ಇರುತ್ತದೆ, ಇನ್ನು ದುಡ್ಡಿನಲ್ಲೂ ಬಂದರೆ ಅತಿಯಾಯಿತು ಎನ್ನುವುದು ಪ್ರಿನ್ಸಿಪಾಲರ ವಾದ. ನಮ್ಮ ಗುಂಪಿನಲ್ಲಿ ಮೂವರು. ಕೊಟ್ರೇಶ ಮಾತಿನ ಮಲ್ಲ, ಕಲ್ಲನ್ನೂ ಒಪ್ಪಿಸಿ ಬರುವವನು. ಜುಬೇದಾ ಕಡಿಮೆ ಮಾತಿನವಳು, ಚಿತ್ರ ಬಿಡಿಸುವುದರಲ್ಲಿ ಎತ್ತಿದ ಕೈ. ಮೂರನೆಯವಳು ನಾನು, ಚಂದ್ರಕಲಾ. ಯಾವ ಅಂಗಡಿ ಎಂದು ಅವರಿಬ್ಬರೂ ಕಿತ್ತಾಡುತ್ತಿದ್ದಾಗ ನನ್ನದು ಒಂದೇ ಹಟ: ಅಂಗಡಿ ಯಾವುದಾದರೂ ಇರಲಿ, ಬಂದವರಿಗೆ ನಾಳೆ ಬನ್ನಿ ಅನ್ನುವ ಅಂಗಡಿ ಆಗಬಾರದು.

ಕೊಟ್ರೇಶ ಮೊದಲು ಕರೆದುಕೊಂಡು ಹೋದದ್ದು ಗುರುಶಾಂತಪ್ಪನವರ ಗಿರಣಿಗೆ. ಅವರು ನಮ್ಮನ್ನು ಕಂಡ ಕೂಡಲೇ ಎದ್ದು ನಿಂತು ಕೈ ಹಿಡಿದರು. ಮಜ್ಜಿಗೆ ತರಿಸಿದರು. ಹೊಸದೇನೋ ಶುರುವಾಗುತ್ತದೆ ಎಂದರೆ ಆ ಮನುಷ್ಯನ ಮುಖ ಎಳೆ ಮಗುವಿನಂತೆ ಅರಳುತ್ತಿತ್ತು, ಅವರನ್ನು ಪ್ರೀತಿಸದೆ ಇರುವುದು ಕಷ್ಟ.

“ಎಷ್ಟು ಬೇಕು ಹೇಳ್ರಪ್ಪ. ಅಂಗಡಿ ಯಾವುದು ಅಂತ ಆಮೇಲೆ ನೋಡ್ಕೊಳ್ಳಿ, ಮೊದಲು ವಾಲಗದವರಿಗೆ ಹೇಳಿಬಿಡೋಣ” ಅಂದರು.

ಕೊಟ್ರೇಶ ನನ್ನತ್ತ ನೋಡಿ ಹುಬ್ಬು ಹಾರಿಸಿದ. ಗುರುಶಾಂತಪ್ಪನವರ ಹಿಂದಿನ ಕಿಟಕಿಯಿಂದ ಅವರು ಊರಿಗೆ ಕಟ್ಟಿಸಲು ಹೊರಟಿದ್ದ ಮಹಾದ್ವಾರ ಕಾಣುತ್ತಿತ್ತು. ಒಂದೇ ಕಂಬ, ಅದರ ನೆತ್ತಿಯಿಂದ ಅರ್ಧ ಕಮಾನು ಗಾಳಿಯಲ್ಲಿ ನಿಂತಿತ್ತು. ನನಗೆ ಅಪ್ಪನ ಗೋಡೆಯ ಒಂಟಿ ತೋಳುಗಳೆಲ್ಲ ನೆನಪಾದವು. “ಬೇಡ ಸಾವ್ಕಾರ್ರೇ” ಅಂದುಬಿಟ್ಟೆ. “ನಿಮ್ಮ ದುಡ್ಡು ನಮ್ಮ ಮನೇಲಿ ಈಗಾಗಲೇ ಇದೆ.”

ಅವರಿಗೆ ನೋವಾಯಿತು, ಆದರೂ ಮಜ್ಜಿಗೆ ಪೂರ್ತಿ ಕುಡಿದು ಹೋಗಿ ಎಂದರು. ಹೊರಗೆ ಬಂದ ಮೇಲೆ ಕೊಟ್ರೇಶ ನನ್ನ ಮೇಲೆ ಹರಿಹಾಯ್ದ. “ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿದೆಯಲ್ಲೇ ಚಂದ್ರೀ! ಇನ್ಯಾರು ಕೊಡ್ತಾರೆ ಹೇಳು?”

ಅವನು ಹೇಳಿದ್ದು ಸುಳ್ಳಲ್ಲ. ಒಳ್ಳೆಯ ಕೈಯವರ ದುಡ್ಡೆಲ್ಲ ಯಾವಾಗಲೋ ಹಂಚಿಹೋಗಿತ್ತು. ನಿವೃತ್ತ ತಹಸೀಲ್ದಾರರು ಕೊಡುತ್ತೇನೆ ಅಂದರು, ಆದರೆ ಅವರು ಬಂಡವಾಳ ಹಾಕಿದ ಬೇಕರಿಯಲ್ಲಿ ಒಂದು ಬನ್ನು ಕೊಳ್ಳಲು ವಾಸದ ಪುರಾವೆ ತೋರಿಸಬೇಕಾಗಿತ್ತು. ಊರಿಗೆಲ್ಲ ಬೇಕಾದ ಸೂಲಗಿತ್ತಿ ಪಾಲಮ್ಮನವರ ಕೈ ಬಂಗಾರ, ಆದರೆ ಅವರ ದುಡ್ಡಿಗೆ ಹೂವಿನವರು, ಹಾಲಿನವರು, ಸಸಿ ಮಾರುವವರೆಲ್ಲ ಸಾಲು ನಿಂತಿದ್ದರು. ನಮ್ಮ ಸರದಿ ಬರುವಷ್ಟರಲ್ಲಿ ನಮಗೇ ಮೊಮ್ಮಕ್ಕಳಾಗಿರುತ್ತಿದ್ದರು. ನಮ್ಮ ಮೂವರ ಚಪ್ಪಲಿಗಳೂ ಸವೆದವು. ಸೈಕಲ್ ಸ್ಟ್ಯಾಂಡನ್ನು ಮುಂದಿನ ತರಗತಿಯವರಿಗೆ ಕೊಟ್ಟುಬಿಡುತ್ತೇನೆ ಎಂದು ಪ್ರಿನ್ಸಿಪಾಲರು ಹೇಳಿಕಳಿಸಿದರು.

ಆ ದಿನ ನಾವು ಖಾಲಿ ಸ್ಟ್ಯಾಂಡಿನಲ್ಲಿ ಕುಳಿತಿದ್ದಾಗ ದಾನಮ್ಮ ಬಂದರು. ನಾವೆಲ್ಲ ಓದಿದ ಶಾಲೆಯಲ್ಲಿ ಗಂಟೆ ಹೊಡೆಯುತ್ತಿದ್ದವರು. ಬೆಳಗಿನ ಗಂಟೆಯನ್ನು ಬೇರೆಯವರು ಹೊಡೆಯುತ್ತಿದ್ದರು, ಸಂಜೆಯದು ದಾನಮ್ಮನವರದು. ಆ ಉದ್ದ ಗಂಟೆ ಕೇಳಿದರೆ ಮೇಷ್ಟ್ರ ಬಾಯಲ್ಲಿದ್ದ ವಾಕ್ಯ ಕೂಡ ಅಲ್ಲಿಗೇ ಮುಗಿಯುತ್ತಿತ್ತು. ಮುಗಿಸುವ ಗುಣ ಅವರ ಕೈಗೆ ಗಂಟೆಯಿಂದ ಬಂತೋ, ಗುಣ ಇದ್ದುದರಿಂದಲೇ ಆ ಗಂಟೆ ಅವರ ಪಾಲಿಗೆ ಬಂತೋ, ಯಾರು ಬಲ್ಲರು. ಗಂಡ ಅವರ ಓಲೆ ಮಾರಿದ ದುಡ್ಡಿನಲ್ಲಿ ಬಳೆ ಅಂಗಡಿ ಇಟ್ಟಿದ್ದ. ಒಂದೇ ವಾರಕ್ಕೆ ಎಲ್ಲ ಬಳೆಗಳೂ ಖರ್ಚಾದವು, ಇಲ್ಲಿ ನನ್ನ ಕೆಲಸ ಮುಗಿಯಿತು ಎಂದು ಅವನು ಊರು ಬಿಟ್ಟ, ತಿರುಗಿ ಬರಲಿಲ್ಲ. ತಮ್ಮನಿಗೆ ಕೊಟ್ಟ ದುಡ್ಡಿನ ಕಿರಾಣಿ ಅಂಗಡಿಯೂ ಹಾಗೆಯೇ ಚೊಕ್ಕವಾಗಿ ಮುಗಿದುಹೋಯಿತು. ನಷ್ಟ ಯಾವುದರಲ್ಲೂ ಆಗಲಿಲ್ಲ, ಉಳಿದದ್ದು ಯಾವುದೂ ಇಲ್ಲ. ಅಲ್ಲಿಂದ ಮುಂದೆ ಅವರ ಹೆಸರು ದಾನಮ್ಮ ಎಂದಿದ್ದರೂ ಅವರ ಕೈಯಿಂದ ಒಂದು ಕಾಸು ತೆಗೆದುಕೊಳ್ಳುವವರಿರಲಿಲ್ಲ.

ಅವರು ಕಲ್ಲಿನ ಮೇಲೆ ಕುಳಿತು, ಸೆರಗಿನ ಗಂಟನ್ನು ಬೆರಳಲ್ಲಿ ತಿರುವುತ್ತಾ, “ನನ್ನ ದುಡ್ಡೈತೆ ಮಕ್ಕಳಾ. ನೀವು ಕೇಳಲ್ಲ ಅಂತ ಗೊತ್ತು, ಅದಕ್ಕೆ ನಾನೇ ಬಂದೆ” ಅಂದರು.

ಕೊಟ್ರೇಶ ಕುಳಿತಲ್ಲೇ ಒಂದು ಗೇಣು ಹಿಂದೆ ಸರಿದ.

“ಮುಚ್ಚುಮರೆ ಮಾಡಲ್ಲ” ಎಂದರು ದಾನಮ್ಮ. “ನನ್ನ ಕೈಯಿಂದ ಹೋದದ್ದೆಲ್ಲ ಮುಗಿದುಹೋಗೈತೆ. ನಿಮ್ಮ ಅಂಗಡೀನೂ ಮುಗೀಬಹುದು. ಆದರೆ ನನಗೊಂದು ಆಸೆ ಕಣ್ರಪ್ಪ. ನಾನು ಕೊಟ್ಟದ್ದು ಒಂದೇ ಒಂದಾದರೂ ನಡೀತಾ ಇರೋದನ್ನ ನೋಡಬೇಕು. ಬೆಳಿಗ್ಗೆ ಎದ್ದು ಆ ಕಡೆ ಹೋದರೆ ಬಾಗಿಲು ತೆಗೆದಿರಬೇಕು. ಅಷ್ಟೇಯ.”

ಜುಬೇದಾ ನನ್ನ ಮುಖ ನೋಡಿದಳು. ನನ್ನ ತಲೆಯಲ್ಲಿ ಅಷ್ಟು ಹೊತ್ತಿಗೆ ಬೇರೆಯೇ ಒಂದು ಗಾಲಿ ತಿರುಗುತ್ತಿತ್ತು. ಅರ್ಧ ಕಮಾನು, ಒಂಟಿ ತೋಳು, ಊರಿನ ತುಂಬ ಗುರುಶಾಂತಪ್ಪನವರ ಕೈಯಿಂದ ಶುರುವಾಗಿ ನಿಂತ ಕೆಲಸಗಳು. ಇಷ್ಟೆಲ್ಲ ಅರೆಬರೆ ಬಿದ್ದಿರುವ ಊರಿನಲ್ಲಿ ಮುಗಿಸುವ ಕೈಯನ್ನು ಮೂಲೆಗೆ ಕೂರಿಸಿದ್ದೇವಲ್ಲ!

“ಅಜ್ಜೀ, ಮುಗಿಸೋದೇ ನಮ್ಮ ವ್ಯಾಪಾರ ಆದ್ರೆ?” ಎಂದೆ.

ಹೀಗೆ ನಮ್ಮ ಅಂಗಡಿ ಹುಟ್ಟಿತು. ವಾಲಗ ಇರಲಿಲ್ಲ. ದಾನಮ್ಮ ಸೆರಗಿನ ಗಂಟು ಬಿಚ್ಚಿ ನನ್ನ ಅಂಗೈ ಮೇಲೆ ದುಡ್ಡಿಟ್ಟರು. ಕೊಟ್ರೇಶ ಆವೇಶದಲ್ಲಿ, “ಇದೊಂದು ಮುಗಿಯೋಕೆ ನಾವು ಬಿಡಲ್ಲ ಅಜ್ಜಿ, ಭಾಷೆ ಕೊಡ್ತೀವಿ” ಎಂದು ಅವರ ಕೈ ಮೇಲೆ ಕೈ ಇಟ್ಟ. ಹಳೆಯ ಹೊಲಿಗೆ ಯಂತ್ರ, ಹೆಣಿಗೆ ಕಡ್ಡಿ, ಏಣಿ, ಸುಣ್ಣ, ಬಣ್ಣ ಕೊಂಡೆವು. ಜುಬೇದಾ ಬೋರ್ಡು ಬರೆದಳು: ‘ಅರ್ಧಕ್ಕೆ ನಿಂತ ಕೆಲಸಗಳನ್ನು ಮುಗಿಸಿಕೊಡಲಾಗುವುದು.’

ಮೊದಲು ಜನ ಮೂಗು ಮುರಿದರು. ದಾನಮ್ಮನ ದುಡ್ಡಂತೆ, ಅಂಗಡಿ ಯುಗಾದಿ ಕಾಣೋದಿಲ್ಲ ಅಂದರು. ಆಮೇಲೆ ಒಬ್ಬ ಹೆಂಗಸು ಹೆದರುತ್ತಾ ಒಂದು ಸ್ವೆಟರ್ ತಂದಳು, ಮಗ ಚಿಕ್ಕವನಿದ್ದಾಗ ಹೆಣೆಯಲು ತೊಡಗಿದ್ದು. ಈಗ ಮಗನಿಗೆ ಮೀಸೆ ಬಂದಿತ್ತು. ನಾವು ಅದನ್ನು ಮುಗಿಸಿದೆವು, ಅವಳು ಅದನ್ನು ಎದೆಗೆ ಒತ್ತಿಕೊಂಡು ಅತ್ತಳು. ಅಲ್ಲಿಂದ ಸಾಲು ಹಿಡಿಯಿತು. ನಮ್ಮ ಕೈ ತಾಗಿದಲ್ಲೆಲ್ಲ ಕೆಲಸ ಮುಗಿಯುತ್ತಿತ್ತು. ಪುರಸಭೆಯ ಗೋಡೆಯ ಮೇಲೆ ಹಿಂಗಾಲಿಲ್ಲದೆ ನಿಂತಿದ್ದ ಹುಲಿಗೆ ಜುಬೇದಾ ಕಾಲೂ ಬಾಲವೂ ಬರೆದಳು. ಅಣ್ಣತಮ್ಮಂದಿರಿಬ್ಬರು ಅರ್ಧಕ್ಕೆ ಬಿಟ್ಟಿದ್ದ ಜಗಳವನ್ನು ಕೊಟ್ರೇಶ ನಡುವೆ ಕುಳಿತು ಮುಗಿಸಿಕೊಟ್ಟ. ಗುರುಶಾಂತಪ್ಪನವರ ಮಹಾದ್ವಾರಕ್ಕೆ ಎರಡನೆಯ ಕಂಬ ಬಂತು. ಅವರೇ ಬಂದು ಕಮಾನಿನ ಕೆಳಗೆ ನಿಂತು, ಕತ್ತೆತ್ತಿ ಬಹಳ ಹೊತ್ತು ನೋಡಿ, “ಓಹೋ, ಇದು ಹಿಂಗಿರ್ತದಾ!” ಅಂದರು. ದಾನಮ್ಮ ದಿನಾ ಸಂಜೆ ಬಂದು ಬಾಗಿಲು ತೆಗೆದಿದೆಯೇ ಎಂದು ನೋಡುತ್ತಿದ್ದರು, ನೋಡಿ ಬಾಯಿ ತುಂಬ ನಗುತ್ತಿದ್ದರು.

ಕೊನೆಗೆ ನಮ್ಮಪ್ಪ ಕೂಡ ಬಂದರು. ಮದುವೆ ಮನೆಯವರು ಅಂಗಡಿ ಮುಂದೆ ಕೂಗಾಡಿ ಹೋದ ಮಾರನೆಯ ದಿನ, ರವಿಕೆಗಳ ದೊಡ್ಡ ಗಂಟನ್ನು ಹೆಗಲ ಮೇಲೆ ಹೊತ್ತು, ತಲೆ ತಗ್ಗಿಸಿಕೊಂಡು ಬಂದು ನನ್ನ ಯಂತ್ರದ ಪಕ್ಕ ಇಳಿಸಿದರು. “ಎರಡನೇ ತೋಳು ನಿನ್ನ ಕೈಲಾಗುತ್ತೇನೋ ನೋಡಮ್ಮ. ನನಗೆ ಅಲ್ಲಿಗೆ ಬಂದರೆ ದಾರಿಯೇ ಕಾಣಲ್ಲ” ಅಂದರು. ಅಪ್ಪ ಹಾಗೆ ಸೋಲು ಒಪ್ಪಿಕೊಂಡದ್ದನ್ನು ನಾನು ಕಂಡಿರಲಿಲ್ಲ, ಅವರ ಮೇಲಿದ್ದ ಸಿಟ್ಟೆಲ್ಲ ಅಲ್ಲೇ ಕರಗಿತು. ಅವರು ಪಕ್ಕದಲ್ಲಿ ಕುಳಿತು ತೋಳು ಕತ್ತರಿಸಿಕೊಟ್ಟರು, ನಾನು ಹೊಲಿದೆ. ನನ್ನ ಜೀವನದಲ್ಲಿ ನಾವಿಬ್ಬರೂ ಅಷ್ಟು ಹೊತ್ತು ಒಟ್ಟಿಗೆ ಕುಳಿತದ್ದು ಅದೇ ಮೊದಲು. ಗಂಟಿನಲ್ಲಿ ಅವ್ವನ ಹಸಿರು ರವಿಕೆ ಇರಲಿಲ್ಲ. ನಾನು ಕೇಳಲೂ ಇಲ್ಲ, ಅವರೇ ಮುಗಿಸುತ್ತಾರೇನೋ ಅಂದುಕೊಂಡೆ.

ರವಿಕೆಗಳೆಲ್ಲ ಅವರವರ ಮನೆಗೆ ಹೋದವು. ಆಮೇಲೆ ಊರಿನಲ್ಲಿ ಏನೋ ಬದಲಾದದ್ದು ನಿಧಾನವಾಗಿ ಗೊತ್ತಾಯಿತು. ಹುಲಿಯ ಗೋಡೆಯ ಮುಂದೆ ಈಗ ಯಾರೂ ನಿಲ್ಲುತ್ತಿರಲಿಲ್ಲ. ಮೊದಲು ಮಕ್ಕಳು ನಿಂತು ಹಿಂಗಾಲು ಎಲ್ಲಿ ಹೋಯಿತು ಎಂದು ಕಥೆ ಕಟ್ಟುತ್ತಿದ್ದರು, ಈಗ ಅದು ಬರೀ ಹುಲಿ. ಅಣ್ಣತಮ್ಮಂದಿರು ಜಗಳ ಮುಗಿದ ಮೇಲೆ ಮಾತಾಡಲು ಏನೂ ಇಲ್ಲದೆ ಎದುರುಬದುರು ಸಿಕ್ಕರೆ ಆಕಾಶ ನೋಡುತ್ತಿದ್ದರು. ಎಲ್ಲಕ್ಕಿಂತ ಅಪ್ಪನ ಅಂಗಡಿ. ಒಂದನ್ನು ಬಿಟ್ಟು ಮೊಳೆಗಳೆಲ್ಲ ಖಾಲಿ. ನಾಳೆ ಅನ್ನಿಸಿಕೊಳ್ಳಲು ದಿನಾ ಬಂದು, ಬೈದು, ಹಾಗೇ ಬೆಂಚಿನ ಮೇಲೆ ಕುಳಿತು ಮನೆಯ ಕಷ್ಟಸುಖ ಹೇಳಿ ಹೋಗುತ್ತಿದ್ದ ಹೆಂಗಸರು ಈಗ ಬರುತ್ತಿರಲಿಲ್ಲ. ಅವರು ಬರುತ್ತಿದ್ದದ್ದು ಬರೀ ರವಿಕೆಗಾಗಿ ಅಲ್ಲ ಎನ್ನುವುದು ನನಗೆ ಆಗ ಹೊಳೆಯಿತು, ಕೆಲಸ ಮುಗಿಸಿಕೊಟ್ಟ ಮೇಲೆ.

ನಮ್ಮ ಅಂಗಡಿಗೂ ಅದೇ ಗತಿ ಬಂತು. ಕಪಾಟು ಬರಿದಾಯಿತು. ಊರಿನಲ್ಲಿ ಮುಗಿಸಲು ಏನೂ ಉಳಿಯಲಿಲ್ಲ. ನಾವೇ ಏನಾದರೂ ಶುರು ಮಾಡಿ ಅರ್ಧಕ್ಕೆ ಬಿಡೋಣ, ಆಮೇಲೆ ಮುಗಿಸೋಣ ಅಂದ ಕೊಟ್ರೇಶ. ಜುಬೇದಾ ಅವನನ್ನು ದಿಟ್ಟಿಸಿ, “ಅಜ್ಜಿಗೆ ಸುಳ್ಳು ಅಂಗಡಿ ತೋರಿಸ್ತೀಯಾ?” ಅಂದಳು. ಭಾಷೆ ಕೊಟ್ಟವನು ಅವನೇ, ಅವನಿಗೇ ಹೆಚ್ಚು ಸಂಕಟ.

ಆ ಸಂಜೆ ದಾನಮ್ಮ ಬಂದು ಖಾಲಿ ಕಪಾಟನ್ನು ನೋಡಿದರು. ಅವರ ಮುಖದಲ್ಲಿ ಆಶ್ಚರ್ಯವೇನೂ ಇರಲಿಲ್ಲ. “ಗಂಟೆ ಹೊಡೆಯೋ ಹೊತ್ತಾಯ್ತು ಅನ್ಸತ್ತೆ ಮಗಳೇ” ಎಂದರು. “ಬೇಜಾರು ಮಾಡ್ಕೋಬ್ಯಾಡ್ರಿ. ಇಷ್ಟು ದಿನ ನಡೆದದ್ದು ಇದೊಂದೇಯ. ನಂಗಷ್ಟೇ ಸಾಕು.” ಸಾಕು ಎಂದವರು ಹೋಗುವಾಗ ಬಾಗಿಲನ್ನು ಒಮ್ಮೆ ಸವರಿದರು. ಅವರು ಹೋದ ಮೇಲೆ ಮೂವರೂ ಕಸ ಗುಡಿಸಿ ಸಾಮಾನು ಜೋಡಿಸಿದೆವು. ಬೆಳಿಗ್ಗೆ ಬೋರ್ಡು ಇಳಿಸುವುದು ಎಂದಾಯಿತು.

ಬೆಳಿಗ್ಗೆ ಕೊಟ್ರೇಶ ಏಣಿ ಹಾಕಿದ್ದ. ಅಷ್ಟರಲ್ಲಿ ನಮ್ಮವ್ವ ಏದುಸಿರು ಬಿಡುತ್ತಾ ಬಂದಳು. ಸೆರಗಿನ ಒಳಗೆ ಏನನ್ನೋ ಅವಚಿಕೊಂಡಿದ್ದಳು. ಕಾಲೇಜಿನ ಗೇಟು ದಾಟಿ ಅವಳು ಎಂದೂ ಬಂದವಳಲ್ಲ. ಸೆರಗು ಸರಿಸಿ ಹಸಿರು ರವಿಕೆಯನ್ನು ಮೇಜಿನ ಮೇಲೆ ಇಟ್ಟಳು. ಒಂಟಿ ತೋಳು, ಇನ್ನೊಂದು ಕಡೆ ತೆರೆದ ಕಂಕುಳು. ಮಡಿಕೆಯಲ್ಲಿ ಬಣ್ಣ ಸ್ವಲ್ಪ ಮಾಸಿತ್ತು.

“ಕೊಡವ್ವ, ಈಗಲೇ ಮುಗಿಸ್ತೀನಿ” ಎಂದು ನಾನು ಸೂಜಿಗೆ ದಾರ ಹುಡುಕಿದೆ. ಇಷ್ಟು ವರ್ಷ ಅವಳನ್ನು ಕಾಯಿಸಿದ್ದಕ್ಕೆ ಇವತ್ತಾದರೂ ನ್ಯಾಯ ಸಿಗಲಿ ಅನ್ನಿಸಿತು.

ಅವ್ವ ನನ್ನ ಕೈ ಹಿಡಿದಳು. “ಮುಗಿಸಬ್ಯಾಡ ಅಂತ ಹೇಳೋಕೇ ತಂದಿದ್ದು ಕಣೇ. ನಿಮ್ಮಪ್ಪ ಮುಂಜಾನೆಯಿಂದ ಇದನ್ನ ಕೈಯಲ್ಲಿ ಹಿಡ್ಕೊಂಡು ಕೂತವ್ರೆ. ಮಗಳು ಎಲ್ಲಾ ಮುಗಿಸಿದ್ಲು, ಇದೊಂದು ನಾನು ಮುಗಿಸ್ತೀನಿ ಅಂತಾರೆ. ಕಸ್ಕೊಂಡು ಬಂದೆ.”

“ಯಾಕವ್ವ? ನೀನೇ ದಿನಾ ಕೇಳ್ತಿದ್ದೆಯಲ್ಲ?”

“ಕೇಳ್ತಿದ್ದೆ.” ಅವಳು ನಾಚಿಕೊಂಡಳು. ಅವ್ವ ನಾಚಿಕೊಳ್ಳುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. “ಮದುವೆಯಾದ ಹೊಸದರಲ್ಲಿ ನಿಮ್ಮಪ್ಪ ನನ್ನ ಕೂಡ ಮಾತೇ ಆಡ್ತಿರಲಿಲ್ಲ. ಭಾಳ ಸಂಕೋಚದ ಮನುಷ್ಯ. ಒಂದಿನ ಧೈರ್ಯ ಮಾಡಿ ಟೀ ತಗೊಂಡ್ಹೋಗಿ, ನನ್ನ ರವಿಕೆ ಆಯ್ತೇನ್ರೀ ಅಂದೆ. ನಾಳೆ ಅಂದ್ರು. ನನ್ನ ಕೂಡ ಆಡಿದ ಮೊದಲನೇ ಮಾತೇ ಅದು. ನಾಳೆ ಹೋದೆ, ಮತ್ತೆ ನಾಳೆ ಅಂದು ನಕ್ಕರು. ಅಲ್ಲಿಂದ ಸಂಸಾರ ಶುರುವಾದದ್ದು ಕಣೇ. ಇದು ಮುಗಿದುಹೋದರೆ ನಾಳೆಯಿಂದ ನಾನು ಟೀ ಲೋಟ ಇಟ್ಟು ಏನಂತ ಕೇಳಲಿ?”

ಏಣಿಯ ಮೇಲಿದ್ದ ಕೊಟ್ರೇಶ ಅಲ್ಲೇ ನಿಂತಿದ್ದ. ಜುಬೇದಾ ಕಣ್ಣೊರೆಸಿಕೊಂಡಳು. ನಾನು ಮೇಜಿನ ಮೇಲಿನ ಆ ರವಿಕೆಯನ್ನು ನೋಡುತ್ತಾ ಕುಳಿತೆ. ನನ್ನ ಬೆರಳುಗಳು ಜುಮ್ಮೆನ್ನುತ್ತಿದ್ದವು, ದಾನಮ್ಮನ ದುಡ್ಡಿನ ಯಂತ್ರ ಎದುರಿಗೇ ಇತ್ತು, ಒಂದು ತೋಳಿನ ಕೆಲಸ ಎಷ್ಟು ಹೊತ್ತಿನದು. ಆದರೆ ಕೈಗುಣ ದುಡ್ಡಿನದು, ಸೂಜಿ ನನ್ನದು. ಸೂಜಿಯನ್ನು ದಿಂಬಿಗೆ ಚುಚ್ಚಿಟ್ಟೆ. ಅವ್ವನ ಹೆಸರನ್ನು ಗಿರಾಕಿಗಳ ಪಟ್ಟಿಗೆ ಬರೆದು, ರವಿಕೆಯನ್ನು ಖಾಲಿ ಕಪಾಟಿನ ಮೊಳೆಗೆ ನೇತುಹಾಕಿದೆ. ಕೊಟ್ರೇಶನಿಗೆ ಕೆಳಗಿಳಿ ಅಂದೆ. ಬೋರ್ಡು ಮೇಲೆಯೇ ಉಳಿಯಿತು. ಕೈಯಲ್ಲಿ ಒಂದು ಕೆಲಸ ಬಾಕಿ ಇರುವ ಅಂಗಡಿಯನ್ನು ಮುಚ್ಚುವುದು ಹೇಗೆ?

ಈಗ ಕೊಟ್ರೇಶ ಗುರುಶಾಂತಪ್ಪನವರ ಗಿರಣಿಯಲ್ಲಿ ಲೆಕ್ಕ ಬರೆಯುತ್ತಾನೆ, ಜುಬೇದಾ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಾಳೆ. ಕಾಲೇಜಿನವರು ಸೈಕಲ್ ಸ್ಟ್ಯಾಂಡನ್ನು ನನಗೇ ಬಿಟ್ಟಿದ್ದಾರೆ, ಹೊಸ ತರಗತಿಯವರಿಗೆ ಬೇರೆ ಜಾಗ ಕೊಟ್ಟರು. ನಾನು ಅಲ್ಲಿ ಪಾಠ ಹೇಳುತ್ತೇನೆ, ಹೊಲಿಗೆ ಕಲಿಸುತ್ತೇನೆ, ಬಾಗಿಲು ತೆಗೆದಿಡುತ್ತೇನೆ. ಮಧ್ಯಾಹ್ನ ಅವ್ವ ಅಪ್ಪನಿಗೆ ಟೀ ಕೊಟ್ಟು ರವಿಕೆ ಕೇಳುತ್ತಾಳೆ. ನಿನ್ನ ಮಗಳ ಅಂಗಡೀಲಿದೆ, ನಾಳೆ ಕೊಡ್ತಾಳಂತೆ ಎಂದು ಅಪ್ಪ ನಗುತ್ತಾರೆ. ಅಪ್ಪನ ಗೋಡೆಯ ಮೇಲೆ ಮತ್ತೆ ಒಂದೊಂದೇ ತೋಳಿನ ರವಿಕೆಗಳು ಸೇರಿವೆ, ಬೆಂಚಿನ ಮೇಲೆ ಹೆಂಗಸರೂ ಸೇರಿದ್ದಾರೆ.

ಸಂಜೆ ಶಾಲೆಯ ಉದ್ದ ಗಂಟೆ ಕೇಳಿಸುತ್ತದೆ, ಈಗ ಯಾರೋ ಬೇರೆಯವರು ಹೊಡೆಯುತ್ತಾರೆ. ಅದಾದ ಮೇಲೆ ದಾನಮ್ಮ ಕೋಲೂರಿಕೊಂಡು ಬರುತ್ತಾರೆ. ಬಾಗಿಲು ತೆಗೆದಿದೆಯೇ ನೋಡುತ್ತಾರೆ. ಕಣ್ಣು ಮಂಜಾಗಿದೆ, ಅದಕ್ಕೆ ಒಳಗೆ ಬಂದು ಹಸಿರು ರವಿಕೆಯ ತೆರೆದ ಕಡೆಯನ್ನು ಬೆರಳಿಂದ ಮುಟ್ಟಿ ನೋಡುತ್ತಾರೆ. ಆಮೇಲೆ ಕೇಳುತ್ತಾರೆ, “ಇದು ಆಯ್ತೇನು ಮಗಳೇ?”

“ಇಲ್ಲ ಅಜ್ಜಿ, ನಾಳೆ” ಅನ್ನುತ್ತೇನೆ.

“ಹಂಗಾದ್ರೆ ನಾಳೆ ಬತ್ತೀನಿ” ಎಂದು ಅವರು ಬಾಯಿ ತುಂಬ ನಕ್ಕು, ಮನೆಯ ಕಡೆ ಹೊರಡುತ್ತಾರೆ.